ಯೆಜ್ಡಿಗೆ ಬಿಪಿ ನೋಡಿದ ಕತೆ

ಜುಲೈ ಎರಡನೇ ಭಾನುವಾರ, ಮೈಸೂರಿನಲ್ಲೇ ತಯಾರಾಗುತ್ತಿದ್ದ ಹಳೇ ಟೂ-ಸ್ಟ್ರೋಕ್ ಬೈಕುಗಳಾದ ಜಾವಾ-ಯೆಜ್ಡಿಗಳ ದಿನಕ್ಕೆ ಮೈಸೂರಿನಲ್ಲಿ ನಾವೆಲ್ಲ ಸೇರಿದ್ದಾಗ ಬಾಯಿಬಿಟ್ಟೆ. "ಮಳೆ ನಿಂತ ಮೇಲೆ ನಾನು, ನನ್ನ ಭಾವಮೈದ ಎರಡು ಯೆಜ್ಡಿ ರೋಡ್‌ಕಿಂಗ್ ತಗೊಂಡು ಕಾರವಾರಕ್ಕೆ ಹೋಗಿ ಬರ್ತೀವಿ." ಒಬ್ಬರು ನಕ್ಕರು. "ಹೋಗೋದು ಗಾಡಿ ಮೇಲೆ, ಬರೋದು ಟೆಂಪೋದಲ್ಲಿ ಅಲ್ವಾ?"

ನಗೋದಕ್ಕೆ ಕಾರಣ ಇತ್ತು. ಹಿಂದಿನ ವರ್ಷ ಹೀಗೇ ಹೊರಟು, ಬಿಳಿಕೆರೆ ಹತ್ತಿರವೇ ನನ್ನ ಇಂಜಿನ್ ಸೀಜ್ ಆಗಿತ್ತು, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು ನಿಂತಿತ್ತು. ಟೆಂಪೋಗೆ 1,800 ಕೊಟ್ಟು ಮನೆಗೆ ತಂದೆ. ರೀಬೋರ್ (ಸಿಲಿಂಡರಿನ ಒಳಗೋಡೆ ಮತ್ತೆ ಕೊರೆಸುವುದು), ಪಿಸ್ಟನ್ ಕಿಟ್, ಕೂಲಿ ಸೇರಿ ಐದೂವರೆ ಸಾವಿರ. 500 ಕಿ.ಮೀ. ಮದುಮಗಳ ಹಾಗೆ ನಿಧಾನವಾಗಿ ಓಡಿಸಿದೆ. ಆಮೇಲೆ ಮೇಲುಕೋಟೆ ಏರಿನಲ್ಲಿ ಮತ್ತೆ ಹಿಡಿದುಕೊಂಡಿತು. ಮತ್ತೆ ರೀಬೋರ್. ಒಟ್ಟು ಹನ್ನೆರಡು ಸಾವಿರದ ಮೇಲೆ ಹೋಯಿತು. ಒಬ್ಬ ಮೆಕ್ಯಾನಿಕ್ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಅಂದ, ಇನ್ನೊಬ್ಬ ಆಯಿಲ್ ಕಲಬೆರಕೆ ಅಂದ, ಮೂರನೆಯವನು ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಹಳೇ ಗಾಡಿಗಳ ಹಣೆಬರಹವೇ ಇಷ್ಟು ಅಂದ. ಇ20ಯದ್ದೂ ಸ್ವಲ್ಪ ಪಾಲಿದೆ. ಹಳೇ ರಬ್ಬರ್ ಪೈಪು ಮೆತ್ತಗಾಗಿ ಊದಿಕೊಂಡಿತ್ತು, ಬದಲಿಸಿದೆ. ಆದರೆ ನಿಜವಾದ ಕಳ್ಳ ಬೇರೆ ಕಡೆ ಇದ್ದ.

ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇಂಜಿನ್ ಒಂದಷ್ಟು ಹೊತ್ತು ರೇಸ್ ಆಗಿಯೇ ಇರುತ್ತಿತ್ತು. ಎಲ್ಲಿಂದಲೋ ಗಾಳಿ ಎಳೆಯುತ್ತಿದೆ, ಪೆಟ್ರೋಲ್-ಆಯಿಲ್ ಸಾಲದೆ ಇಂಜಿನ್ ಕಾದು ಹಿಡಿದುಕೊಳ್ಳುತ್ತಿದೆ ಎಂದು ಆಗಲೇ ಹೊಳೆಯಬೇಕಿತ್ತು. ಎರಡನೇ ಪಿಸ್ಟನ್ ಹಾಕಿಸಿದ ಮೇಲೆ ಹೊಳೆಯಿತು!

ಇಂಜಿನ್ ಬಿಚ್ಚಲಿಲ್ಲ. ಒಳಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ನೋಡೋಣ ಎಂದುಕೊಂಡೆ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದಕ್ಕೆ ಹಿತ್ತಾಳೆ ನಳಿಗೆ ಬ್ರೇಜಿಂಗ್ ಮಾಡಿಸಿದೆ, 80 ರೂಪಾಯಿ. ಅತ್ತೆಯವರ ಬಿಪಿ ಮೀಟರಿನ ಗಾಳಿ ಒತ್ತುವ ರಬ್ಬರ್ ಬುರುಡೆ ಮತ್ತು ಮುಳ್ಳಿನ ಗಡಿಯಾರವನ್ನು ಮೀನಿನ ತೊಟ್ಟಿಯ ಟೀ ಜಾಯಿಂಟಿನಿಂದ ಅದಕ್ಕೆ ಸೇರಿಸಿದೆ. ಸೈಲೆನ್ಸರ್ ಎರಡೂ ಕಳಚಿ, ಹೊಗೆ ಹೋಗುವ ಎರಡು ಪೋರ್ಟಿಗೂ ಕಾರ್ಬುರೇಟರ್ ಬಾಯಿಗೂ ಸೈಕಲ್ ಟ್ಯೂಬಿನ ತುಂಡು ಕೊಟ್ಟು ಬಿಗಿದೆ. ಪಿಸ್ಟನ್ ಕೆಳಗೆ ಇರಬೇಕು, ಮರೆಯಬೇಡಿ. ಕೈ ಸೋಲುವಷ್ಟು ಒತ್ತಿದ ಮೇಲೆ ಮುಳ್ಳು 250ಕ್ಕೆ ಬಂತು. ಅರ್ಧ ನಿಮಿಷದಲ್ಲಿ 100ಕ್ಕೆ ಇಳಿಯಿತು. ಡೈನಮೊ ಕಡೆ ಸೋಪು ನೀರು ಹಚ್ಚಿದರೆ ಕ್ರ್ಯಾಂಕ್ ಸೀಲಿನ (ಕ್ರ್ಯಾಂಕ್ ದಂಡದ ಸುತ್ತ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಸುತ್ತ ಬುರುಬುರು ಗುಳ್ಳೆ.

ಭಾವಮೈದನ ಗಾಡಿಯದು ಇನ್ನೊಂದು ಬಗೆ. ಬಿಳಿ ಹೊಗೆ, ಗೇರ್ ಆಯಿಲ್ ಮಾಯ. ಕ್ಲಚ್ ಕಡೆಯ ಸೀಲು ಸೋರಿ ಇಂಜಿನ್ ಅದನ್ನು ಎಳೆದು ಸುಡುತ್ತಿದೆ ಎಂದು ಅನುಮಾನ. ಆ ಸೀಲಿನ ಗುಳ್ಳೆ ಹೊರಗೆ ಕಾಣುವುದಿಲ್ಲ. ಅದಕ್ಕೇ ಗೇರ್ ಆಯಿಲ್ ಹಾಕುವ ತೂತಿನ ಮೇಲೆ ಸೋಪಿನ ಪೊರೆ ಎಳೆದೆ, ಅದು ಬಲೂನಿನಂತೆ ಉಬ್ಬಿತು. "ಭಾವ, ಇದು ಆಸ್ಪತ್ರೆ ಕೆಲಸ" ಎಂದ ಅವನು.

ಶಾಖ, ಪೆಟ್ರೋಲ್ ತಡೆಯುವ ವಿಟಾನ್ ರಬ್ಬರಿನ ಸೀಲು ಜೋಡಿಗೆ ಸುಮಾರು 350. ಅಷ್ಟೇ! ಇದಕ್ಕಾಗಿ ಎರಡು ಸಲ ರೀಬೋರ್ ಮಾಡಿಸಿದ್ದೆ. ಹೊಸ ಸೀಲು ಕೂತ ಮೇಲೆ ಆರು ನಿಮಿಷಕ್ಕೆ ಮುಳ್ಳು 240ರ ಹತ್ತಿರವೇ ಇತ್ತು. ಮೈಸೂರಿನ ಯಾದವಗಿರಿಯ ಯೆಜ್ಡಿ ಫ್ಯಾಕ್ಟರಿ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ದುಡಿದ ಹಿರಿಯರೊಬ್ಬರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಪ್ಲಗ್ ಕಿಡಿ ಹಾರುವ ಟೈಮಿಂಗ್ ಎಷ್ಟು ಮಿಲಿಮೀಟರಿಗೆ ಇಡಬೇಕೆಂದೂ ಹೇಳಿಕೊಟ್ಟರು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಿಡಿ ಕೊಡಿಸುವ ಪಾಯಿಂಟುಗಳ ಗ್ಯಾಪ್ ಎಲ್ಲರಿಗೂ ಗೊತ್ತಿರುವ 0.4 ಮಿ.ಮೀ.

ಸೈಲೆನ್ಸರಿನ ಒಳಕೊಳವೆಯಲ್ಲಿ ಮಸಿ ಕಲ್ಲಾಗಿತ್ತು. ಮಂಡ್ಯದ ಹತ್ತಿರ ಗೆಳೆಯನ ಆಲೆಮನೆ ಇದೆ. ಕಬ್ಬಿನ ರಚ್ಚು ಉರಿಯುವ ಒಲೆಯಲ್ಲಿ ಒಂದು ಗಂಟೆ ಇಟ್ಟೆವು. ಮಸಿ ಬೂದಿಯಾಗಿ ಉದುರಿತು. ಕಾಸ್ಟಿಕ್ ಸೋಡಾ ಗೋಳು ಬೇಡ. ಇನ್ನೊಂದು ಹುಚ್ಚಾಟವೂ ಆಯಿತು. ಪೆಟ್ರೋಲಿಗೆ ಬೆರೆಸುವ 2ಟಿ (ಟೂ-ಸ್ಟ್ರೋಕ್) ಆಯಿಲ್ ಬದಲು ಗಾಣದ ಹರಳೆಣ್ಣೆ ಬೆರೆಸಿ ಇನ್ನೂರು ಕಿ.ಮೀ. ಓಡಿಸಿದೆ. ವಾಸನೆ ಏನೋ ಘಮಘಮ, ಆದರೆ ಪಿಸ್ಟನ್ ರಿಂಗ್ ಅಂಟು ಅಂಟಾಯಿತು. ಮತ್ತೆ ಲೀಟರಿಗೆ 35 ಎಂಎಲ್ 2ಟಿಗೇ ಬಂದೆ. ಪ್ಲಗ್ಗು ಅಚ್ಚುಬೆಲ್ಲದ ಬಣ್ಣ ಬಂದರೆ ಗಾಳಿ-ಪೆಟ್ರೋಲ್ ಹದ ಸರಿ ಎಂದರ್ಥ, ಆಮೇಲೆ ಕಾರ್ಬುರೇಟರ್ ಮುಟ್ಟಲಿಲ್ಲ.

ಅಕ್ಟೋಬರ್ ಕೊನೆಗೆ ಹೊರಟೆವು. ಮಡಿಕೇರಿ, ಸಂಪಾಜೆ, ಮಂಗಳೂರು, ಕಾರವಾರ. ಸಂಪಾಜೆ ಘಾಟಿ ಇಳಿಯುವಾಗ ನನಗೆ ಭಯ ಇತ್ತು. ಆಕ್ಸಿಲರೇಟರ್ ಮುಚ್ಚಿ ಇಂಜಿನ್ ಹಿಡಿತದಲ್ಲೇ ಇಳಿದರೆ ಪೆಟ್ರೋಲಿನ ಜೊತೆ ಬರುವ ಆಯಿಲ್ಲೂ ನಿಂತುಹೋಗುತ್ತದೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಡುತ್ತಾ ಇಳಿದೆವು. ವಾಪಸ್ ಬರುವಾಗ ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟಿ ಹತ್ತುವಾಗ ನನ್ನ ಕ್ಲಚ್ ಕೇಬಲ್ ತುಂಡಾಯಿತು. ಹಳೆಯದರ ಪಕ್ಕದಲ್ಲೇ ಹೊಸದನ್ನು ಮೊದಲೇ ಎಳೆದು ಟೇಪ್ ಸುತ್ತಿ ಇಟ್ಟಿದ್ದೆ. ಹತ್ತು ನಿಮಿಷದ ಕೆಲಸ. ಸಾಗರ, ಶಿವಮೊಗ್ಗ, ಅರಸೀಕೆರೆ ಮೇಲೆ ಮೈಸೂರು ಸೇರಿದಾಗ ಸುಮಾರು 1,100 ಕಿ.ಮೀ. ಆಗಿತ್ತು. ಲೀಟರಿಗೆ 28ರ ಹತ್ತಿರ ಕೊಟ್ಟಿತು.

ಟೆಂಪೋ ಎಂದು ನಕ್ಕವರು ಮೊನ್ನೆ ಫೋನ್ ಮಾಡಿ ಆ ಹಿತ್ತಾಳೆ ನಳಿಗೆ ಪ್ಲಗ್ಗು ಎರಡು ದಿನಕ್ಕೆ ಕೇಳಿದರು. ಕೊಟ್ಟಿದ್ದೇನೆ. ಬಿಪಿ ಮೀಟರ್ ಮಾತ್ರ ಅವರೇ ತರಬೇಕು. ಅತ್ತೆಯವರಿಗೆ ನಾನು 900 ಕೊಟ್ಟು ಹೊಸದು ತರಬೇಕಾಯಿತು.