ಆರ್‌ಒ ಎಎಂಸಿ ನವೀಕರಿಸುವ ಮುನ್ನ ಅಳೆದು ನೋಡಿ

ನೀರಿನ ಫಿಲ್ಟರ್‌ನ ಎಎಂಸಿ (ವಾರ್ಷಿಕ ನಿರ್ವಹಣೆಯ ಕಾಂಟ್ರಾಕ್ಟ್) ಮುಗಿಯಲು ಇನ್ನೂ ತಿಂಗಳಿರುವಾಗಲೇ ಫೋನ್ ಬರುತ್ತದೆ: ಈ ವಾರ ಕಟ್ಟಿದರೆ ರಿಯಾಯಿತಿ. ಹೂಂ ಅನ್ನುವ ಮೊದಲು ನೀರನ್ನೂ ಮಷಿನ್ನನ್ನೂ ಅಳೆಯಿರಿ. ಕಾಂಟ್ರಾಕ್ಟ್ ಲಾಭವೋ ನಷ್ಟವೋ ಅನ್ನುವುದು ಬಹುಪಾಲು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಈ ವರ್ಷ ಮೆಂಬ್ರೇನ್ (ನೀರಿನ ಲವಣ ತಡೆಯುವ, ಆರ್‌ಒದ ಮುಖ್ಯ ಪೊರೆ) ಬದಲಾಯಿಸಬೇಕೋ ಬೇಡವೋ?

ಮೊದಲು ನಲ್ಲಿ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಕೆಲವು ನೂರು ರೂಪಾಯಿಯ ಮೀಟರ್ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಂತೆ ಲೀಟರಿಗೆ 500 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಾಗ 2000ದವರೆಗೆ ಒಪ್ಪಿಗೆ ಇದೆ. ಬೆಂಗಳೂರಿನಲ್ಲಿ ಬರೀ ಕಾವೇರಿ ನೀರು ಬರುವ ಮನೆಗಳಲ್ಲಿ ಇದು ಸಾಮಾನ್ಯವಾಗಿ 500ಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಅಂಥ ಕಡೆ ಯುವಿ (ಬೆಳಕಿನಿಂದ ರೋಗಾಣು ಕೊಲ್ಲುವ) ಇಲ್ಲವೇ ಯುಎಫ್ (ಸೂಕ್ಷ್ಮ ರಂಧ್ರಗಳಲ್ಲಿ ಸೋಸುವ) ಫಿಲ್ಟರ್ ಸಾಕಾಗುವುದರಿಂದ, ಹಳೆಯ ಆರ್‌ಒಗೆ ಮತ್ತೆ ಕಾಂಟ್ರಾಕ್ಟ್ ಕಟ್ಟುವ ಬದಲು ಮಷಿನ್ನೇ ಬದಲಾಯಿಸುವುದು ಅಗ್ಗವಾಗಬಹುದು. ಒಂದೇ ಸಂಪಿಗೆ ಕಾವೇರಿಯೂ ಟ್ಯಾಂಕರ್ ನೀರೂ ಬೀಳುವ ಮನೆಯಾದರೆ ಬೇರೆ ಬೇರೆ ದಿನ ಅಳೆಯಿರಿ, ಬೇಸಿಗೆಯಲ್ಲಂತೂ ತಪ್ಪದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್ ನೀರಿಗೆ ಮೀಟರ್ ನಂಬಿ ಆರ್‌ಒ ತೆಗೆಸಬೇಡಿ. ಅಲ್ಲಿನ ಚಿಂತೆ ಫ್ಲೋರೈಡ್, ಅದನ್ನು ಟಿಡಿಎಸ್ ಮೀಟರ್ ತೋರಿಸುವುದಿಲ್ಲ. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರು ಕುಡಿಯಲು ಸಲ್ಲದು.

ಆರ್‌ಒ ಬೇಕೇ ಬೇಕು ಎಂದಾದರೆ ಮೆಂಬ್ರೇನ್ ನೋಡಿ. ಮಷಿನ್ ಐದು ನಿಮಿಷ ಓಡಲಿ, ಏಕೆಂದರೆ ನಿಂತಿದ್ದ ಮಷಿನ್ನಿನ ಮೊದಲ ನೀರಿನಲ್ಲಿ ಟಿಡಿಎಸ್ ಹೆಚ್ಚು ತೋರಿಸುತ್ತದೆ. ಟಿಡಿಎಸ್ ಅಡ್ಜಸ್ಟರ್ ಇದ್ದರೆ ಮುಚ್ಚಿಬಿಡಿ. ಅದು ಹಸಿ ನೀರನ್ನು ಬೆರೆಸುತ್ತದೆ, ಅದು ತೆರೆದಿದ್ದಾಗ ಅಳೆದು ‘ಮೆಂಬ್ರೇನ್ ಹೋಗಿದೆ’ ಅನ್ನುವುದು ತಪ್ಪು ಲೆಕ್ಕ. ಒಳಬರುವ ನೀರು 800, ಹೊರಬಂದದ್ದು 60 ಇದ್ದರೆ ಶೇ. 92ಕ್ಕೂ ಹೆಚ್ಚು ತಡೆದಂತಾಯಿತು, ಮೆಂಬ್ರೇನ್ ಗಟ್ಟಿಯಾಗಿದೆ. ಶೇ. 80ಕ್ಕಿಂತ ಕೆಳಗಿಳಿದಿದ್ದರೆ ಬದಲಾಯಿಸುವ ಕಾಲ. ಆದರೆ ಟಿಡಿಎಸ್ ಒಮ್ಮೆಲೇ ಏರಿದ್ದರೆ ಮೊದಲು ಹೌಸಿಂಗ್‌ನ ಒಳಗಿನ ಒ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಬಿಚ್ಚಿ ನೋಡಲು ಹೇಳಿ.

ಇನ್ನು ನೀರಿನ ವೇಗ. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್ ಗಂಟೆಗೆ ಸುಮಾರು 12 ಲೀಟರ್ ಕೊಡಬೇಕು, ಅಂದರೆ ಮೆಂಬ್ರೇನ್‌ನಿಂದ ಬರುವ ಪೈಪಿಗೆ ಹಿಡಿದ ಲೀಟರ್ ಬಾಟಲಿ ಐದು ನಿಮಿಷದಲ್ಲಿ ತುಂಬಬೇಕು. ಹತ್ತು ನಿಮಿಷ ಹಿಡಿದರೆ ಮೊದಲ ಅನುಮಾನ ಕಟ್ಟಿಕೊಂಡ ಸೆಡಿಮೆಂಟ್ ಕ್ಯಾಂಡಲ್ (ಮಣ್ಣು, ಕೆಸರು ಹಿಡಿಯುವ ಫಿಲ್ಟರ್) ಮೇಲೆ, ಆಮೇಲೆ ಪಂಪ್, ಕೊನೆಗೆ ಮೆಂಬ್ರೇನ್. ಟೆಕ್ನಿಷಿಯನ್ ಈ ಸಾಲನ್ನು ತಿರುಗಿಸಿ ಹೇಳಿದರೆ ಒಪ್ಪಬೇಡಿ.

ಈಗ ಲೆಕ್ಕ. ಉದಾಹರಣೆಗೆ ಹಾಕಿದ ಅಂಕಿಗಳಿವು, ನಿಮ್ಮ ಊರಿನ ದರ ಹಾಕಿಕೊಳ್ಳಿ. ಬಿಡಿಭಾಗಗಳೂ ಸೇರಿದ ಪೂರ್ಣ ಕಾಂಟ್ರಾಕ್ಟ್ 4,500 ರೂಪಾಯಿ ಎಂದರೆ ಶೇ. 18 ಜಿಎಸ್‌ಟಿ ಸೇರಿ 5,310. ಅದೇ ವರ್ಷ ಬಿಡಿಯಾಗಿ ಮಾಡಿಸಿದರೆ ಕ್ಯಾಂಡಲ್‌ಗಳು 1,400, ಎರಡು ಸಲ ಬಂದ ಕೂಲಿ 800, ಒಟ್ಟು 2,200. ಮೆಂಬ್ರೇನ್‌ಗೆ 2,300 ಸೇರಿದರೂ 4,500. ಹಾಗಾಗಿ ಗಟ್ಟಿ ಮೆಂಬ್ರೇನ್ ಇರುವ ವರ್ಷ ಬಿಡಿ ಸರ್ವಿಸೇ ಸರಿ. ಮೆಂಬ್ರೇನ್ ಸೋತಿದ್ದು, ಪಂಪೂ ಎಸ್‌ಎಂಪಿಎಸ್ಸೂ (ಮಷಿನ್ನಿಗೆ ವಿದ್ಯುತ್ ಒದಗಿಸುವ ಅಡಾಪ್ಟರ್) ಹಳತಾಗಿದ್ದರೆ ಪೂರ್ಣ ಕಾಂಟ್ರಾಕ್ಟ್ ದುಡ್ಡಿಗೆ ಬೆಲೆ ಕೊಡುತ್ತದೆ.

ಕಟ್ಟುವುದೇ ಆದರೆ ಫೋನಿನ ಮಾತು ಸಾಲದು, ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ. ಮೆಂಬ್ರೇನ್ ಸೇರಿದೆಯೇ, ಸೇರಿದ್ದರೆ ಟಿಡಿಎಸ್ ಎಷ್ಟಾದಾಗ ಬದಲಾಯಿಸುತ್ತಾರೆ? ‘ಅಗತ್ಯವಿದ್ದರೆ’ ಎಂದಷ್ಟೇ ಬರೆದಿದ್ದರೆ ಅಗತ್ಯವನ್ನು ತೀರ್ಮಾನಿಸುವವರು ಅವರೇ. ಪಂಪ್, ಎಸ್‌ಎಂಪಿಎಸ್, ಯುವಿ ದೀಪ, ಟ್ಯಾಂಕ್, ನಲ್ಲಿ ಇವುಗಳಲ್ಲಿ ಯಾವುದು ಸೇರಿದೆ? ವರ್ಷಕ್ಕೆ ಎಷ್ಟು ಭೇಟಿ? ನವೀಕರಿಸುವ ಅವಧಿ ತಪ್ಪಿದರೆ ತಪಾಸಣಾ ಶುಲ್ಕವಿದೆಯೇ? ಬಿಡಿ ಸರ್ವಿಸ್‌ನ ಲೆಕ್ಕವನ್ನು ಅವರ ಮುಂದಿಟ್ಟು ದರ ಕೇಳಿ, ಇಳಿಸಲು ಜಾಗ ಇದ್ದೇ ಇರುತ್ತದೆ.

ಬೇರೆ ಸರ್ವಿಸ್‌ನವರಿಗೆ ಬದಲಾಯಿಸುವಾಗ ಹಳೆಯ ಎಎಂಸಿ, ವಾರಂಟಿ ಎರಡೂ ಮುಗಿಯಲಿ; ಹೊರಗಿನವರು ಬಿಚ್ಚಿದರೆ ವಾರಂಟಿ ತಪ್ಪುವ ಷರತ್ತು ಎಷ್ಟೋ ಕಡೆ ಇದೆ. ಕ್ಯಾಂಡಲ್ ಹತ್ತಿಂಚಿನ ಸಾಮಾನ್ಯ ಅಳತೆಯದಾದರೆ ಯಾರ ಹತ್ತಿರವೂ ಮಾಡಿಸಬಹುದು. ಕಂಪನಿಯದೇ ಫಿಟ್ಟಿಂಗ್ ಇದ್ದರೆ ಆ ಕ್ಯಾಂಡಲ್ ಹೊರಗೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಸರ್ವಿಸ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರುಗಳೂ ಇರುತ್ತವೆ. ಬಿಲ್ಲಿನಲ್ಲಿ ಇಲ್ಲವೇ ಮಷಿನ್ ಮೇಲೆ ಇರುವುದನ್ನೇ ಬಳಸಿ. ಎರಡು ಕಡ್ಡಿ ಅದ್ದಿ ನಲ್ಲಿ ನೀರನ್ನು ಕಂದು ಮಾಡಿ ತೋರಿಸುವವರಿಗೆ ಹೆದರಬೇಡಿ: ಅದು ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿಯೇ ಸವೆದು ಬಿಡುವ ಬಣ್ಣ. ಹಣ ಕಟ್ಟಿಸಿಕೊಂಡು ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಸರ್ವಿಸ್ ದಿನ ಎದುರಿಗೇ ನಿಲ್ಲಿ. ಹೊಸ ಕ್ಯಾಂಡಲ್‌ನ ಪ್ಯಾಕ್ ನಿಮ್ಮ ಮುಂದೆ ಒಡೆಯಲಿ, ಮಾರ್ಕರ್‌ನಲ್ಲಿ ದಿನಾಂಕ ಬರೆಸಿ, ಹಳೆಯದನ್ನು ಕೇಳಿ ಇಟ್ಟುಕೊಳ್ಳಿ. ಹೊಸ ಕಾರ್ಬನ್ ಕ್ಯಾಂಡಲ್‌ನಿಂದ ಮೊದಲು ಬರುವ ಕಪ್ಪು ನೀರನ್ನು ಬಕೆಟ್‌ಗೆ ಹರಿಸಲು ಹೇಳಿ; ಆತುರಕ್ಕೆ ನೇರ ಬಿಟ್ಟರೆ ಆ ಪುಡಿ ಮೆಂಬ್ರೇನ್‌ಗೆ ಕಟ್ಟಿಕೊಳ್ಳುತ್ತದೆ. ಮೆಂಬ್ರೇನ್ ಹೊಸದಾದರೆ ಮೊದಲ ಟ್ಯಾಂಕ್ ನೀರು ಕುಡಿಯಬೇಡಿ, ನೆಲ ಒರೆಸಲು ಬಳಸಿ.