ಶೆಡ್ಡಿನಲ್ಲಿ ಸಿಕ್ಕ ಹಳೇ ಕಾರು: ಕೀ ತಿರುಗಿಸುವ ಮುನ್ನ ತಗಡು ಕುಟ್ಟಿ ನೋಡಿ

ದೂಳು ಹೊದ್ದು ನಿಂತ ಹಳೇ ಕಾರು ಕಂಡ ಕೂಡಲೇ ಹೆಚ್ಚಿನವರು ಬೇರೆ ಗಾಡಿಯ ಬ್ಯಾಟರಿ ತಂದು ಸಿಕ್ಕಿಸಿ ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಅಪ್ಪಿತಪ್ಪಿ ಗುರ್ ಎಂದರೆ ‘ಗಾಡಿ ಗಟ್ಟಿಯಾಗಿದೆ’ ಎಂದು ಅಲ್ಲೇ ವ್ಯಾಪಾರ ಮುಗಿಸುತ್ತಾರೆ. ಎರಡೂ ತಪ್ಪು. ಹತ್ತಾರು ವರ್ಷ ಒಣಗಿದ ಬೋರ್‌ನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೆ) ಸೆಲ್ಫ್ ಹೊಡೆದರೆ ಪಿಸ್ಟನ್ ರಿಂಗ್ ಮುರಿಯಬಹುದು, ಅಂಟಿಕೊಂಡ ವಾಲ್ವ್ ತನ್ನನ್ನು ತಳ್ಳುವ ಸರಳನ್ನೇ (ಪುಶ್‌ರಾಡ್) ಬಗ್ಗಿಸಬಹುದು. ಇನ್ನು ಎಂಜಿನ್ ಓಡಿತು ಅಂದಮಾತ್ರಕ್ಕೆ ಕಾರಿನ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಎಂಜಿನ್ನನ್ನು ಇಳಿಸಿ, ಬಿಚ್ಚಿ, ಕಟ್ಟಬಹುದು. ಅದಾಗದಿದ್ದರೆ ಬೇರೆಯದನ್ನು ತಂದು ಕೂರಿಸಬಹುದು. ತಗಡು ಹೋದರೆ ಕಾರೇ ಹೋಯಿತು. ರಿಪೇರಿ ಮಾಡಿಸಬೇಕೋ ಬೇಡವೋ ಎಂಬ ಚರ್ಚೆಯನ್ನು ಕಾರಿನ ಕೆಳಗೆ ಮಲಗಿಯೇ ಮಾಡಬೇಕು.

1. ನಂಬರ್

ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ದಾಖಲೆ ಜೊತೆ ತಾಳೆ ನೋಡಿ. ಎಂಜಿನ್ ಬದಲಾಗಿದ್ದರೆ, ದಾಖಲೆ ಸರಿಪಡಿಸಲು ಸಾಧ್ಯವಿದ್ದರೆ, ಸಹಿಸಿಕೊಳ್ಳಬಹುದು. ಚಾಸಿ ನಂಬರ್ ಉಜ್ಜಿದಂತಿದ್ದರೆ, ಅಂಕಿಗಳ ಸಾಲು ಸೊಟ್ಟಗಿದ್ದರೆ, ಫಲಕ ಹಳೆಯದಾಗಿದ್ದು ರಿವೆಟ್ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಟಾರ್ಚ್ ಆರಿಸಿ ಹೊರಟುಬಿಡಿ.

2. ಕೈಗೆ ಬೇಕಾದದ್ದು

ಟಾರ್ಚ್, ದಪ್ಪ ಗ್ಲೋವ್ಸ್, ಮಾಸ್ಕ್, ತೆಳುವಾದ ಮ್ಯಾಗ್ನೆಟ್, ಹಳೇ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಜ್ಯಾಕ್, ಎರಡು ಆಕ್ಸಲ್ ಸ್ಟ್ಯಾಂಡ್. ಮಾಸ್ಕ್ ಬೇಕೇ ಬೇಕು: ಇಲಿ ಹಿಕ್ಕೆಯನ್ನು ಗುಡಿಸಬಾರದು, ಒದ್ದೆ ಮಾಡಿ ಬಟ್ಟೆಯಿಂದ ತೆಗೆಯಬೇಕು. ಹಳೇ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಡ್ರಮ್‌ನ ದೂಳಿಗೂ ಇದೇ ನಿಯಮ. ಏರ್ ಹೊಡೆದು ಹಾರಿಸಬೇಡಿ. ಜ್ಯಾಕ್ ಏರಿಸಿ ಇಟ್ಟಿಗೆ ಪೇರಿಸಿ ಕೆಳಗೆ ನುಗ್ಗುವವರಿಗೆ ಹೇಳುವುದು ಏನೂ ಇಲ್ಲ.

3. ತಗಡು

ಇಲ್ಲಿ ಅರ್ಧ ದಿನ ಕಳೆಯಿರಿ. ಮೊದಲು ಕಾರಿನ ಮೈ ಯಾವ ಜಾತಿಯದು ಎಂದು ತಿಳಿದಿರಬೇಕು. ಮೋರಿಸ್ ಮೈನರ್, ಫಿಯೆಟ್ 1100ರಂಥ ಕಾರುಗಳಿಗೆ ಬೇರೆ ಚಾಸಿ ಇಲ್ಲ. ತಗಡಿನ ಪೆಟ್ಟಿಗೆಯೇ ಭಾರ ಹೊರುತ್ತದೆ. ಇವುಗಳಲ್ಲಿ ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ತೊಲೆ, ಅಂದರೆ ಸಿಲ್, ಕೊಳೆತರೆ ಕಾರಿನ ಬೆನ್ನುಮೂಳೆಯೇ ಮುರಿದಂತೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ನೆಲದ ತಗಡು ಬೇರೆ, ಮೇಲಿನ ಬಾಡಿ ಬೇರೆ. ಅಲ್ಲಿ ಮೊದಲು ಹೋಗುವುದು ಬಾಡಿಯ ಎರಡೂ ಪಕ್ಕದ ಹೀಟರ್ ಚಾನಲ್ (ಬಿಸಿಗಾಳಿ ಸಾಗುವ ಟೊಳ್ಳು ತೊಲೆ) ಮತ್ತು ಬ್ಯಾಟರಿ ಕೂರುವ ಹಿಂದಿನ ಸೀಟಿನ ಅಡಿ. ಹಳೇ ಲ್ಯಾಂಡ್ ರೋವರ್‌ನ ಮೈ ಅಲ್ಯೂಮಿನಿಯಂ ಆದ್ದರಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಕೆಳಗಿನ ಉಕ್ಕಿನ ಚಾಸಿ, ಅದರಲ್ಲೂ ಹಿಂಬದಿಯ ಅಡ್ಡತೊಲೆ, ಬಿಸ್ಕೆಟ್ ಆಗಿರುತ್ತದೆ.

ಹತ್ತು ಹೆಜ್ಜೆ ದೂರ ನಿಂತು ಬಾಗಿಲುಗಳ ಸಂದು ನೋಡಿ. ಮೇಲಿನಿಂದ ಕೆಳಗಿನವರೆಗೆ ಸಂದು ಒಂದೇ ಅಗಲ ಇರಬೇಕು. ಮೇಲೆ ಬಿಗಿದು ಕೆಳಗೆ ಅಗಲಿಸಿದ್ದರೆ ನಡು ಕುಸಿದಿದೆ, ಇಲ್ಲವೇ ಹಿಂಜಿನ ಪಿನ್ ಸವೆದಿದೆ. ಬಾಗಿಲನ್ನು ಅರ್ಧ ತೆರೆದು ಮೇಲೆತ್ತಿದಾಗ ಅಲ್ಲಾಡಿದರೆ ಪಿನ್, ಅಲ್ಲಾಡದಿದ್ದರೆ ಸಂಕಟ.

ಈಗ ಮ್ಯಾಗ್ನೆಟ್. ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಹೆಡ್‌ಲೈಟ್ ಸುತ್ತ ಎಳೆಯಿರಿ. ಹಿಡಿತ ತಪ್ಪಿದ ಕಡೆ ಪುಟ್ಟಿ ಇದೆ. ಸ್ಪೀಕರ್‌ನಿಂದ ಕಿತ್ತ ಬಲವಾದ ಮ್ಯಾಗ್ನೆಟ್ ಬೇಡ, ಅದು ಪುಟ್ಟಿಯ ಆಚೆಯ ತಗಡನ್ನೂ ಹಿಡಿದು ಮೋಸ ಮಾಡುತ್ತದೆ.

ಆಮೇಲೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ಕುಟ್ಟುತ್ತಾ ಹೋಗಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಒದ್ದೆ ರಟ್ಟಿನಂತೆ ದಬ್ ಎನ್ನುತ್ತದೆ. ದಬ್ ಎಂದಲ್ಲಿ ತುದಿಯಿಂದ ಚುಚ್ಚಿ. ಮಾಲೀಕರು ಚುಚ್ಚಲು ಬಿಡದಿದ್ದರೆ ಅದೂ ಒಂದು ಉತ್ತರವೇ. ಬಿಡಬಾರದ ಜಾಗಗಳು: ಸಿಲ್‌ನ ಎರಡೂ ತುದಿ, ಜ್ಯಾಕ್ ಕೊಡುವ ಜಾಗ, ಹಿಂದಿನ ಪಟ್ಟಾ ಸ್ಪ್ರಿಂಗ್ ಬಾಡಿಗೆ ಸೇರುವ ಕಡೆ, ಮುಂದಿನ ಗಾಜಿನ ಕೆಳ ಮೂಲೆಗಳು, ಬಾಗಿಲ ಹಿಂಜ್ ಕೂರುವ ಕಂಬದ ಬುಡ, ಬ್ಯಾಟರಿ ತಟ್ಟೆಯ ಅಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ. ಎಲ್ಲವೂ ನೀರು ನಿಲ್ಲುವ ಜಾಗಗಳು. ಬಾಗಿಲ ಕೆಳಗೆ ನೀರು ಇಳಿಯುವ ತೂತುಗಳಿರುತ್ತವೆ. ಎಲೆ, ಮಣ್ಣು ತುಂಬಿ ಅವು ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಕಾರ್ಪೆಟ್ ಎತ್ತಿ ನೋಡಿ. ರಬ್ಬರ್ ಮ್ಯಾಟ್ ಅಂಟಿಸಿದ್ದರೆ ಅದನ್ನೂ ಎತ್ತಿ.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡುಗಳ ಜೋಡಣೆಯ ನಡುವೆ ತುಕ್ಕು ಹಿಡಿದರೆ ಜೋಡಣೆ ತುಟಿ ಊದಿದಂತೆ ಬಿರಿಯುತ್ತದೆ. ಬಣ್ಣದ ಗುಳ್ಳೆಯೂ ಹಾಗೆಯೇ: ಹೊರಗೆ ಬಟಾಣಿಯಷ್ಟು ಕಂಡರೆ ಒಳಗೆ ಅಂಗೈಯಗಲ ಹೋಗಿರುತ್ತದೆ. ಕತ್ತರಿಸುವಾಗ ಟಣ್ ಎನ್ನುವ ತಗಡು ಸಿಗುವವರೆಗೂ ಕತ್ತರಿಸಬೇಕು, ಗುಳ್ಳೆಯ ಲೆಕ್ಕ ಹಿಡಿದು ಅಲ್ಲ.

ಹಳೇ ಸಿಲ್‌ನ ಮೇಲೇ ಹೊಸ ಸಿಲ್ ಹೊದಿಸುವ ಕಳ್ಳಕೆಲಸ ಎಲ್ಲೆಡೆ ಇದೆ. ಪತ್ತೆ ಹಚ್ಚುವುದು ಸುಲಭ. ಬಾಗಿಲು ತೆರೆದು ಸಿಲ್‌ನ ಅಂಚಿಗೆ ಕಣ್ಣು ತನ್ನಿ. ಕಾರ್ಖಾನೆಯ ಅಂಚಿನಲ್ಲಿ ಒಂದೇ ಅಂತರದಲ್ಲಿ ಸ್ಪಾಟ್ ವೆಲ್ಡಿನ ಬೊಟ್ಟುಗುಳಿಗಳು ಸಾಲಾಗಿರುತ್ತವೆ. ಗುಳಿಗಳಿಲ್ಲದೆ ನುಣ್ಣಗಿದ್ದರೆ, ಇಲ್ಲವೇ ಉದ್ದಕ್ಕೂ ವೆಲ್ಡಿಂಗ್ ಹರಿದಿದ್ದರೆ, ಅಂಚು ಎರಡರ ಬದಲು ಮೂರು ನಾಲ್ಕು ಪದರ ದಪ್ಪ ಇದ್ದರೆ ಒಳಗೆ ಹೆಣ ಇದೆ. ಆಗಷ್ಟೇ ಬಳಿದ ಕಪ್ಪು ಅಂಡರ್‌ಕೋಟಿಂಗನ್ನೂ ನಂಬಬೇಡಿ. ತುಕ್ಕಿನ ಮೇಲೆ ಬಳಿದ ಡಾಂಬರು ನೀರನ್ನು ಒಳಗೇ ಕೂಡಿಹಾಕುತ್ತದೆ. ತುಕ್ಕನ್ನು ‘ಮಾರ್ಪಡಿಸುವ’ ದ್ರಾವಣಗಳು ಬ್ರಷ್‌ಗೆ ಉದುರುವ ಮೇಲುತುಕ್ಕಿಗೆ ಆದೀತು. ಪದರು ಪದರು ಎದ್ದದ್ದಕ್ಕೆ ಹಚ್ಚಿದರೆ ಮೇಲೆ ಕಪ್ಪು ಹೊಪ್ಪಳೆ ಕಟ್ಟಿ ಒಳಗೆ ಕೆಲಸ ಮುಂದುವರಿಯುತ್ತದೆ, ಅಷ್ಟೇ.

ಕೊನೆಯ ಪರೀಕ್ಷೆ: ಜ್ಯಾಕ್ ಜಾಗ ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆ ಒಂದು ಪಕ್ಕ ನಿಧಾನಕ್ಕೆ ಎತ್ತಿ, ಆ ಪಕ್ಕದ ಬಾಗಿಲು ತೆರೆದು ಮುಚ್ಚಿ. ಮೊದಲಿನಂತೆಯೇ ಮುಚ್ಚಿದರೆ ಮೈ ಗಟ್ಟಿ. ಬಾಗಿಲು ಕಂಬಕ್ಕೆ ತಾಗಿದರೆ, ಸಂದು ಕಿರಿದಾದರೆ ಕಾರು ನಡುವಿನಲ್ಲಿ ಬಾಗುತ್ತಿದೆ.

ಬಾಗುವ ಕಾರನ್ನು ಸರಿಪಡಿಸಲಾಗದು ಎಂದಲ್ಲ. ಆದರೆ ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಪೈಪು ವೆಲ್ಡ್ ಮಾಡಿ ಬಿಗಿಯಬೇಕು, ಒಂದು ಪಕ್ಕ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು, ನಡುನಡುವೆ ಬಾಗಿಲು ಹಾಕಿ ನೋಡುತ್ತಿರಬೇಕು. ಎರಡೂ ಪಕ್ಕ ಒಟ್ಟಿಗೆ ಕತ್ತರಿಸಿ, ಮೈ ಕುಸಿದು, ಹೊಸ ಸಿಲ್ ಸೇರಿಸಿ, ಆಮೇಲೆ ಬಾಗಿಲು ಮುಚ್ಚದೆ ತಲೆ ಮೇಲೆ ಕೈ ಹೊತ್ತು ಕೂರುವುದು ಟಿಂಕರಿಂಗ್ ಶೆಡ್ಡುಗಳಲ್ಲಿ ಸಾಮಾನ್ಯ ದೃಶ್ಯ.

4. ಇಲ್ಲದ್ದರ ಪಟ್ಟಿ

ಇರುವುದಕ್ಕಿಂತ ಇಲ್ಲದ್ದನ್ನು ಬರೆದುಕೊಳ್ಳಿ. ಬೀಟಲ್ 2003ರವರೆಗೆ 2.1 ಕೋಟಿಗೂ ಹೆಚ್ಚು ತಯಾರಾಯಿತು, ಮೋರಿಸ್ ಮೈನರ್ ಸುಮಾರು 16 ಲಕ್ಷ. ಇವುಗಳ ತಗಡು, ರಬ್ಬರ್, ಬೇರಿಂಗ್ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಕೆಲವೇ ಸಾವಿರ ತಯಾರಾದ ಮಾದರಿಗೆ ಹಿಂದಿನ ಲೈಟಿನ ಗಾಜು, ಕ್ರೋಮ್ ಪಟ್ಟಿ, ಬಾಗಿದ ಮುಂದಿನ ಗಾಜು ಇಲ್ಲದಿದ್ದರೆ ವರ್ಷಗಟ್ಟಲೆ ಹುಡುಕಾಟ. ಎಂಜಿನ್ ಇಲ್ಲದ ಕಾರು ತರಬಹುದು. ಗ್ರಿಲ್, ಲೈಟು, ಹಿಡಿಕೆಗಳಿಲ್ಲದ ಕಾರು ಬೇಡ. ಯಾರೋ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟ ಕಾರಂತೂ ಬೇಡವೇ ಬೇಡ, ಮುಖ್ಯವಾದ ಡಬ್ಬ ಯಾವಾಗಲೂ ಕಳೆದಿರುತ್ತದೆ.

5. ಎಂಜಿನ್

ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ. ಪ್ರತಿ ತೂತಿಗೆ 20–30 ಮಿ.ಲೀ. ಪೆನೆಟ್ರೇಟಿಂಗ್ ಆಯಿಲ್, ಇಲ್ಲವೇ ಆಟೊಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿದ್ದು ಹಾಕಿ. ಇವೆರಡೂ ಬೇಗ ಬೇರೆಯಾಗುತ್ತವೆ, ಹಾಕುವ ಮೊದಲು ಕುಲುಕಬೇಕು. ಅಸಿಟೋನ್ ಹತ್ತಿರ ಬೆಂಕಿ ಇರಕೂಡದು. ನಾಲ್ಕು ದಿನ ಬಿಡಿ. ಅಷ್ಟರಲ್ಲಿ ರಾಕರ್‌ಗಳ, ಅಂದರೆ ವಾಲ್ವ್ ಒತ್ತುವ ಸನ್ನೆಗಳ, ಕವರ್ ತೆಗೆದು ಎಣ್ಣೆ ಬಿಟ್ಟು, ಮುಚ್ಚಿದ ವಾಲ್ವ್‌ಗಳ ಹತ್ತಿರ ರಾಕರ್ ಸ್ವಲ್ಪ ಅಲುಗುತ್ತದೆಯೇ, ಯಾವ ವಾಲ್ವಾದರೂ ಕೆಳಗೇ ಸಿಕ್ಕಿಕೊಂಡಿದೆಯೇ ನೋಡಿ.

ಐದನೇ ದಿನ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಿಂದ ತಿರುಗಿಸಿ. ಒಂದೇ ಸಮನೆ ಒತ್ತಬೇಡಿ; ಬಿಗಿಯುವ ದಿಕ್ಕಿಗೆ ಒಂದು ನೂಲು, ಹಿಂದಕ್ಕೆ ಒಂದು ನೂಲು, ತೊಟ್ಟಿಲು ತೂಗಿದಂತೆ. ಬಗ್ಗದಿದ್ದರೆ ಮತ್ತೆ ಎಣ್ಣೆ, ಮತ್ತೆ ನಾಲ್ಕು ದಿನ. ಸಾಕೆಟ್ ಹಿಡಿಗೆ ಒಂದೂವರೆ ಮೀಟರ್ ಪೈಪು ತೊಡಿಸುವವರು ಬೋಲ್ಟ್ ಮುರಿದುಕೊಳ್ಳುತ್ತಾರೆ; ಗೇರಿಗೆ ಹಾಕಿ ಗಾಡಿ ಎಳೆಸುವವರು ರಿಂಗ್ ಮುರಿದುಕೊಳ್ಳುತ್ತಾರೆ. ತಿರುಗಿತೆಂದು ಖುಷಿಯಲ್ಲಿ ಪ್ಲಗ್ ಹಾಕಬೇಡಿ. ಪಿಸ್ಟನ್ ಮೇಲೆ ಉಳಿದ ಎಣ್ಣೆಯನ್ನು ಒತ್ತಲಾಗದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತೂತುಗಳ ಮೇಲೆ ಬಟ್ಟೆ ಹಾಸಿ ನಾಲ್ಕಾರು ಸುತ್ತು ತಿರುಗಿಸಿ ಹೊರಹಾಕಿ, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ.

ಬ್ಯಾಟರಿ ಈಗ ಬರಲಿ. 1960ರ ದಶಕದ ನಡುಭಾಗದವರೆಗೆ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತಂತಿಯೇ ಬಾಡಿಗೆ ಸೇರಿರುತ್ತದೆ, ಗಮನಿಸಿ. ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಮತ್ತು ವಯರಿಂಗ್ ನಡುವೆ 12 ವೋಲ್ಟಿನ ಒಂದು ಇಂಡಿಕೇಟರ್ ಬಲ್ಬ್ ಸೇರಿಸಿ. ಬಲ್ಬ್ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ, ಇಲಿ ಕಡಿದ ತಂತಿ ಹುಡುಕಿ. ಉರಿಯದಿದ್ದರೆ ಬಲ್ಬ್ ತೆಗೆದು, ಪ್ಲಗ್ ಇಲ್ಲದೆಯೇ ಸೆಲ್ಫ್ ಕೊಟ್ಟು ಆಯಿಲ್ ಪ್ರೆಷರ್ ಏರಿಸಿ.

ಆಮೇಲೆ ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹುಟ್ಟಿಸುವ ಒತ್ತಡ, ಅಳೆಯಿರಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಶೇಕಡ 10ರ ಆಸುಪಾಸು ವ್ಯತ್ಯಾಸ ಪರವಾಗಿಲ್ಲ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ.

6. ಉಳಿದದ್ದು

ಟ್ಯಾಂಕಿನ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತದೆ. ಮುಟ್ಟಬೇಡಿ, ಬೇರೆ ಕ್ಯಾನ್‌ನಿಂದ ಹೊಸ ಪೆಟ್ರೋಲ್ ಕೊಡಿ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿದರೆ ಉಳಿದ ಆವಿ ಸಿಡಿಯುತ್ತದೆ. ಟ್ಯಾಂಕ್ ಒಳಗೆ ಬಳಿಯುವ ಸೀಲರ್ ಸರಿಯಾಗಿ ತೊಳೆಯದ ಟ್ಯಾಂಕಿನಲ್ಲಿ ಹಾಲಿನ ಕೆನೆಯಂತೆ ಎದ್ದು ಕಾರ್ಬುರೇಟರ್ ಕಟ್ಟುತ್ತದೆ, ಹೊಸ ಟ್ಯಾಂಕೇ ವಾಸಿ. ಬ್ರೇಕ್‌ನ ರಬ್ಬರ್ ಒಂದನ್ನೂ ಉಳಿಸಬೇಡಿ: ಹಳೇ ಕಾರುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಲೈನ್ ಒಂದೇ, ಒಂದು ಹೋಸ್ ಬಿರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ದಿನಾಂಕ ಇದ್ದರೆ ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಶೆಡ್ಡಿನಿಂದ ಹೊರಗೆ ಉರುಳಿಸಲು ಮಾತ್ರ.

7. ಮಾಡಿಸಬೇಕೇ?

ಸಿಲ್ ಗಟ್ಟಿ, ಕಾಗದ ಸರಿ, ಗ್ರಿಲ್–ಗಾಜು ಇದೆ ಎಂದರೆ ಎಂಜಿನ್ ಜಾಮ್ ಆಗಿದ್ದರೂ ಮಾಡಿಸಿ. ಎಂಜಿನ್ ಚೆನ್ನಾಗಿದ್ದು ಸಿಲ್, ಕಂಬದ ಬುಡ, ಸ್ಪ್ರಿಂಗ್ ಜಾಗ ಮೂರೂ ಹೋಗಿದ್ದರೆ ಬಿಡಿಭಾಗಕ್ಕೆಂದು ಇಟ್ಟುಕೊಳ್ಳಿ. ಪೂರ್ತಿ ಬಿಚ್ಚಿ ಕಟ್ಟುವ ಕೆಲಸ ಸಾವಿರ ಗಂಟೆ ದಾಟುವುದು ಮಾಮೂಲು. ಭಾನುವಾರಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ ಮೂರು ವರ್ಷ.

ಮೂರನೆಯ ದಾರಿಯೂ ಇದೆ. ಮೂಲ ಬಣ್ಣ, ಮೂಲ ಸೀಟು ಉಳಿದಿದ್ದರೆ, ಮಾಸಿದ್ದರೂ ಸರಿ, ಅವನ್ನು ಮುಟ್ಟದೆ ಬ್ರೇಕ್, ವಯರಿಂಗ್, ಎಂಜಿನ್ ಮಾತ್ರ ಸರಿಪಡಿಸುವುದು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯುರಿನ್ ಸನ್ನದು ಕೂಡ ಹೊಸದು ಮಾಡುವುದಕ್ಕಿಂತ ಇದ್ದದ್ದನ್ನು ಉಳಿಸುವುದಕ್ಕೇ ಒಲಿಯುತ್ತದೆ. ಇಟಲಿ–ಸ್ವಿಟ್ಜರ್ಲೆಂಡ್ ಗಡಿಯ ಮಜ್ಜೋರೆ ಸರೋವರದ ತಳದಿಂದ 2009ರಲ್ಲಿ ಎತ್ತಿದ 1925ರ ಬುಗಾಟಿ ಬ್ರೆಸಿಯಾವನ್ನು ಕೊಂಡವರು ಅದನ್ನು ಕೊಳೆತ ಸ್ಥಿತಿಯಲ್ಲೇ ಮ್ಯೂಸಿಯಂನಲ್ಲಿ ನಿಲ್ಲಿಸಿದರು. ಎಲ್ಲ ಕಾರಿಗೂ ಆ ಯೋಗ್ಯತೆ ಇಲ್ಲ, ಆದರೆ ಮೂಲ ಬಣ್ಣವನ್ನು ಒಮ್ಮೆ ಉಜ್ಜಿದರೆ ಮತ್ತೆ ತರಲಾಗದು.

ಈ ವರ್ಷ ತೀರ್ಮಾನ ಆಗದಿದ್ದರೆ ಕಾರನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಬ್ಯಾಟರಿ ತೆಗೆದು, ಬೋರ್‌ಗೆ ಎಣ್ಣೆ ಬಿಟ್ಟು, ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟದಂತೆ ಕ್ಲಚ್ ಪೆಡಲನ್ನು ಕೋಲಿನಿಂದ ಒತ್ತಿಡಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು.