ಕಿವಿಯಲ್ಲಿ ಡೇಟನ್, ಕಣ್ಣೆದುರು ಎಚ್‌ಎಎಲ್

ಅಮೆರಿಕದ ಡೇಟನ್‌ನಲ್ಲಿರುವ ವಾಯುಪಡೆ ಮ್ಯೂಸಿಯಂ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ. ಯುದ್ಧವಿಮಾನಗಳ ಬಗ್ಗೆ ಇವರು ಮಾಡಿಟ್ಟಿರುವ ಆಡಿಯೊವನ್ನು ಮನೆಯಲ್ಲಿ ಕೂತೇ, ಕಾಸು ಕೊಡದೆ ಕೇಳಬಹುದು. ಆದರೂ ಉತ್ಸಾಹದಿಂದ ಶುರು ಮಾಡಿದವರು ಮೂರ್ನಾಲ್ಕು ಕಂತಿಗೇ ಕೈಬಿಡುತ್ತಾರೆ. ವಿಮಾನ ಕಣ್ಣಮುಂದಿಲ್ಲ, ಹೆಸರುಗಳು ತಲೆಯಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನವರಿಗೆ ಈ ನೆಪ ಇಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ತರಬೇತಿ ವಿಮಾನಗಳಾದ ಎಚ್‌ಟಿ-2, ಕಿರಣ್, ಯುದ್ಧವಿಮಾನ ಮಾರುತ್ ಎಲ್ಲ ಕೈಯಳತೆಯಲ್ಲಿ ನಿಂತಿವೆ. ಕೇಳುವುದನ್ನು ನೋಡುವುದಕ್ಕೆ ಜೋಡಿಸಿಕೊಳ್ಳುವುದಷ್ಟೇ ಕೆಲಸ.

ಮೊದಲು ಬಗೆ ತಿಳಿಯಿರಿ

ಮ್ಯೂಸಿಯಂ ಆಡಿಯೊದಲ್ಲಿ ಮೂರು ಬಗೆ. ಒಂದು, ಒಂದೊಂದು ವಿಮಾನದ ಎದುರು ನಿಂತು ಕೇಳಲೆಂದು ಮಾಡಿದ ಒಂದೆರಡು ನಿಮಿಷದ ತುಣುಕು. ಎರಡು, ತಜ್ಞರ ಉಪನ್ಯಾಸ ಅಥವಾ ಪಾಡ್‌ಕಾಸ್ಟ್. ಇದನ್ನು 1.25 ವೇಗದಲ್ಲಿ ಓಡಿಸಿದರೂ ನಷ್ಟವಿಲ್ಲ. ಮೂರು, ಯುದ್ಧ ಕಂಡವರ ಮೌಖಿಕ ನೆನಪು. ಇಂಪೀರಿಯಲ್ ವಾರ್ ಮ್ಯೂಸಿಯಂನ ಭಂಡಾರದಲ್ಲಿ ಇಂಥವು ರೀಲ್ ಲೆಕ್ಕದಲ್ಲಿವೆ, ಒಂದು ರೀಲ್ ಸುಮಾರು ಅರ್ಧ ಗಂಟೆ. ಯಾವ ರೀಲ್‌ನಲ್ಲಿ ಏನಿದೆ ಎಂಬ ಸಾರಾಂಶ ಕೆಳಗೆ ಇರುತ್ತದೆ. ಅದನ್ನು ಓದಿ ಬೇಕಾದ ರೀಲ್‌ಗೆ ನೇರ ಹೋಗಿ. ಮೊದಲ ರೀಲ್‌ನಲ್ಲಿ ಬಹುಪಾಲು ಬಾಲ್ಯ, ಶಾಲೆ, ಸೈನ್ಯಕ್ಕೆ ಸೇರಿದ ಕಥೆಯೇ ಇರುತ್ತದೆ.

ನೆನಪಿನ ಆಡಿಯೊ ಕೇಳುವಾಗ ಮಾತ್ರ ವೇಗ ಹೆಚ್ಚಿಸಬೇಡಿ. ಮುದುಕರು ಮಾತಿನ ನಡುವೆ ತಡೆದು ನಿಲ್ಲುವುದರಲ್ಲೂ ವಿಷಯ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಸಮಯ ಬರೆದು, ಪಕ್ಕದಲ್ಲಿ ಮಾತಿನ ತಿರುಳು, ಅದರ ಪಕ್ಕ ಒಂದು ಅಕ್ಷರ ಹಾಕಿ: ಕಣ್ಣಾರೆ ಕಂಡದ್ದಾದರೆ ‘ಕ’, ಬೇರೆಯವರಿಂದ ಕೇಳಿದ್ದಾದರೆ ‘ಬೇ’, ಆಮೇಲೆ ಓದಿ ತಿಳಿದದ್ದಾದರೆ ‘ಓ’. ಹತ್ತು ನಿಮಿಷ ಬೇಸರ ಎನಿಸಿದರೂ ಬಿಡಬೇಡಿ. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ರಾಜಸ್ಥಾನದ ಲೋಂಗೆವಾಲಾದ ನೆಲದಲ್ಲಿದ್ದ ಸೈನಿಕನೊಬ್ಬ ‘ಬೆಳಗಾಗುತ್ತಿದ್ದ ಹಾಗೆ ನಮ್ಮ ಜೆಟ್ ಬಂತು’ ಅಂದರೆ ಅದು ‘ಕ’. ಜೆಟ್ ಯಾವುದು ಅಂತ ಅವನು ಹೇಳುವ ಹೆಸರು ‘ಓ’ ಆಗಿರುವ ಸಂಭವವೇ ಹೆಚ್ಚು, ಫಿರಂಗಿ ಸಿಡಿಯುವಾಗ ಯಾರೂ ರೆಕ್ಕೆಯ ಆಕಾರ ನೋಡುತ್ತಾ ಕೂರುವುದಿಲ್ಲ. 1971ರ ಡಿಸೆಂಬರ್ 5ರ ಬೆಳಗ್ಗೆ ಅಲ್ಲಿಗೆ ಬಂದದ್ದು ಜೈಸಲ್ಮೇರ್‌ನಿಂದ ಹಾರಿದ ಹಂಟರ್ ವಿಮಾನಗಳು.

ಹುಡುಕುವಾಗ ಹಳೇ ಹೆಸರು ಹಾಕಿ

ಎಡವುವುದು ಹೆಚ್ಚಾಗಿ ಇಲ್ಲೇ. ಇಂಗ್ಲಿಷಿನಲ್ಲಿ ‘ಬೆಂಗಳೂರು’ ಎಂದು ಟೈಪ್ ಮಾಡಿದರೆ ಹಳೇ ಸಂದರ್ಶನಗಳು ಸಿಗದೇ ಹೋಗಬಹುದು. ಆ ಕಾಲದ ಕಾಗುಣಿತ ‘ಬ್ಯಾಂಗಲೋರ್’. ಕಂಪನಿಯನ್ನು ‘ಹಿಂದೂಸ್ತಾನ್ ಏರೋನಾಟಿಕ್ಸ್’ ಎಂದು ಹುಡುಕಿದರೂ ಅಷ್ಟೇ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಕಾರ್ಖಾನೆಯ ಹೆಸರು ‘ಹಿಂದೂಸ್ತಾನ್ ಏರ್‌ಕ್ರಾಫ್ಟ್’. ಈಗಿನ ಹೆಸರು ಬಂದದ್ದು 1964ರಲ್ಲಿ. ಎರಡನೇ ಮಹಾಯುದ್ಧದ ವೇಳೆ, 1943ರಲ್ಲಿ, ಕಾರ್ಖಾನೆ ಅಮೆರಿಕ ವಾಯುಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಹಾಗಾಗಿ ಅಮೆರಿಕನ್ನರ ನೆನಪುಗಳಲ್ಲಿ ಹುಡುಕಬೇಕಾದದ್ದು ಆ ಡಿಪೋ ಹೆಸರು.

ಬ್ರಿಟಿಷರಾದರೆ ‘ಯಲಹಂಕ’ ಹಾಕಿ ನೋಡಿ. 1944ರಲ್ಲಿ ಅವರ ಕೆಲವು ಸ್ಕ್ವಾಡ್ರನ್‌ಗಳು ಥಂಡರ್‌ಬೋಲ್ಟ್ ಯುದ್ಧವಿಮಾನ ಹಾರಿಸಲು ಕಲಿತದ್ದು ಅಲ್ಲಿ. ಪಟ್ಟಿ ಮಾಡಿದವರು ಕಿವಿಗೆ ಬಿದ್ದ ಹಾಗೆ ಬರೆದಿರಬಹುದು, ಆದ್ದರಿಂದ ಒಂದೆರಡು ಅಕ್ಷರ ಬದಲಿಸಿ ಮತ್ತೊಮ್ಮೆ ಹುಡುಕಿ.

ಹೀಗೆ ಒಂದು ಎಳೆ ಹಿಡಿದರೆ ಡೇಟನ್‌ನ ಆಡಿಯೊ ಕೂಡ ಊರಿನ ಮಾತಾಗುತ್ತದೆ. ಅಲ್ಲಿ ನಿಂತಿರುವ ಸಿ-47, ಬಿ-24, ಕ್ಯಾಟಲಿನಾ ಬಗೆಯ ವಿಮಾನಗಳನ್ನೇ ಯುದ್ಧಕಾಲದಲ್ಲಿ ಇಲ್ಲಿ ಬಿಚ್ಚಿ ಜೋಡಿಸುತ್ತಿದ್ದರು. ಕ್ಯಾಟಲಿನಾ ನೀರಿನ ಮೇಲೆ ಇಳಿಯುವ ವಿಮಾನ, ರಿಪೇರಿಗೆ ಬಂದಾಗ ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಆ ಕೆರೆ ಕೊಳಚೆಯಿಂದ ನೊರೆ ಉಕ್ಕಿದ್ದನ್ನು ನೋಡಿದವರಿಗೆ ನಂಬಲು ಸ್ವಲ್ಪ ಹೊತ್ತು ಬೇಕು.

ಫೈಲ್ ವಿಷಯ ಬೇಗ ಮುಗಿಸೋಣ. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಹಳೇ ಟೇಪಿನ ‘ಸುಯ್’ ಸದ್ದು ಕಾಡಿದರೆ ಆಡಾಸಿಟಿ ಎಂಬ ಆಡಿಯೊ ತಂತ್ರಾಂಶದಲ್ಲಿ ಯಾರೂ ಮಾತಾಡದ ಎರಡು ಸೆಕೆಂಡ್ ಆರಿಸಿ, ಗದ್ದಲವನ್ನು 6ರಿಂದ 12 ಡೆಸಿಬಲ್ ಮಾತ್ರ ತಗ್ಗಿಸಿ. ಅದಕ್ಕಿಂತ ಹೆಚ್ಚಿಸಿದರೆ ದನಿ ನೀರೊಳಗಿಂದ ಬಂದ ಹಾಗಾಗಿ, ‘ಸ’ ಯಾವುದು ‘ಫ’ ಯಾವುದು ಎಂದೇ ಗೊತ್ತಾಗುವುದಿಲ್ಲ. ವಿಮಾನದ ಹೆಸರು ತಪ್ಪಾಗಿ ಕೇಳಿಸುವುದು ಹೀಗೆಯೇ.

ಮಾರುತ್ ಎದುರು ಅರ್ಧ ಗಂಟೆ

ಹೋಗುವ ಮುನ್ನ ರಜೆಯ ದಿನ ಯಾವುದು, ಸಮಯ ಎಷ್ಟು ಎಂದು ವಿಚಾರಿಸಿಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೆ ಹೋಗುವುದು ಒಳ್ಳೆಯದು. ಆಮೇಲೆ ಶಾಲೆಯ ಬಸ್ಸುಗಳು ಬರುತ್ತವೆ, ಹೊರಗಿನ ವಿಮಾನಗಳ ಮೇಲೆ ಬಿಸಿಲು ಹೊಳೆದು ತಗಡು ಜೋಡಿಸಿದ ರಿವೆಟ್ ಮೊಳೆಗಳ ಸಾಲೇ ಕಾಣುವುದಿಲ್ಲ. ಇಯರ್‌ಫೋನ್ ಒಂದೇ ಕಿವಿಗೆ ಹಾಕಿ. ಪಕ್ಕದ ರನ್‌ವೇಯಿಂದ ಪರೀಕ್ಷಾ ಹಾರಾಟಕ್ಕೆ ಏನಾದರೂ ಎದ್ದರೆ ಆ ಸದ್ದೂ ಪಾಠವೇ.

ಎಲ್ಲವನ್ನೂ ನೋಡಲು ಹೋಗಬೇಡಿ. ಒಂದು ದಿನಕ್ಕೆ ಎರಡು ವಿಮಾನ ಸಾಕು. ಮಾರುತ್ ಆರಿಸಿಕೊಂಡಿರಿ ಎನ್ನಿ. ಮೊದಲು ಆಡಿಯೊ ಇಲ್ಲದೆ ಒಂದು ಸುತ್ತು ಹಾಕಿ. ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಅರ್ಧ ಶಂಕುವಿನಂಥ ಉಬ್ಬು ಇದೆ, ಅದು ಶಬ್ದದ ವೇಗ ಮೀರಿದಾಗ ಒಳಬರುವ ಗಾಳಿಯನ್ನು ಪಳಗಿಸಲು. ಮೂತಿಯ ಬಳಿ 30 ಮಿ.ಮೀ. ಫಿರಂಗಿಗಳ ಬಾಯಿ ನಾಲ್ಕು. ಬದಿಯಿಂದ ದೂರ ಸರಿದು ನೋಡಿದರೆ ಒಡಲು ರೆಕ್ಕೆಯ ಹತ್ತಿರ ಸೊಂಟದಂತೆ ಸಣ್ಣಗಾಗಿರುವುದು ಕಾಣುತ್ತದೆ. ಈಗ ಹಿಂದೆ ಹೋಗಿ ಎಂಜಿನ್ನಿನ ಬಿಸಿಗಾಳಿ ಹೊರಬರುವ ಎರಡು ನಳಿಕೆಗಳನ್ನು ನೋಡಿ.

ಇಲ್ಲಿ ಆಡಿಯೊ ಹಾಕಿ. ಕರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕ 1956ರಲ್ಲಿ ಬೆಂಗಳೂರಿಗೆ ಬಂದು ರೂಪಿಸಿದ ವಿಮಾನ ಇದು. ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ಕೂಡ ಅವನದೇ. ಶಬ್ದದ ಎರಡರಷ್ಟು ವೇಗಕ್ಕೆಂದು ಒಡಲು ತಯಾರಾಯಿತು, ಬೇಕಾಗಿದ್ದ ಶಕ್ತಿಯ ಎಂಜಿನ್ ಮಾತ್ರ ಬರಲಿಲ್ಲ. ಸಿಕ್ಕಿದ್ದು ಆಫ್ಟರ್‌ಬರ್ನರ್ (ಹಿಂಭಾಗದಲ್ಲಿ ಮತ್ತೆ ಇಂಧನ ಉರಿಸಿ ಹೆಚ್ಚು ಬಲ ಕೊಡುವ ಸಾಧನ) ಇಲ್ಲದ ಎರಡು ಆರ್ಫಿಯಸ್ 703 ಎಂಜಿನ್. ನಳಿಕೆಗಳು ಅಷ್ಟು ಸರಳವಾಗಿ ಇರುವುದಕ್ಕೆ ಕಾರಣ ಅದೇ. ‘ಸೋತ ವಿಮಾನ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪಾಡ್‌ಕಾಸ್ಟ್ ಸಿಕ್ಕರೆ ಈ ಹಿಂಭಾಗ ನೆನಪಿರಲಿ. ಒಡಲನ್ನು ಬೈಯುವುದು ತಪ್ಪು.

ಮೊದಲ ಹಾರಾಟದ ತಾರೀಕು ಒಂದು ಕಡೆ 1961ರ ಜೂನ್ 17, ಇನ್ನೊಂದು ಕಡೆ ಜೂನ್ 24 ಎಂದು ಕೇಳಿಸುತ್ತದೆ. ಗಾಬರಿ ಬೇಡ. 17 ಮೊದಲ ಹಾರಾಟ. 24 ರಕ್ಷಣಾ ಸಚಿವ ಕೃಷ್ಣ ಮೆನನ್ ಎದುರು ನಡೆದ ಅಧಿಕೃತ ಹಾರಾಟ. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿ 10ರಂದು ಮಾರುತ್ ಪರೀಕ್ಷಿಸುವಾಗಲೇ ಅವರು ತೀರಿಕೊಂಡರು. ಮ್ಯೂಸಿಯಂನಿಂದ ಹಳೇ ಮದ್ರಾಸ್ ರಸ್ತೆ ಕಡೆ ಹೊರಟರೆ ಆಟೊ ಹೋಗುವುದೇ ಅವರ ಹೆಸರಿನ ರಸ್ತೆಯಲ್ಲಿ.

ಅಳತೆಗಳಲ್ಲಿ ಒಂದು ಎಚ್ಚರ. 1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ., 1,000 ಅಡಿ ಅಂದರೆ ಸುಮಾರು 305 ಮೀಟರ್. ಗ್ಯಾಲನ್ ಮಾತು ಬಂದರೆ ಹೇಳುತ್ತಿರುವವರು ಯಾವ ದೇಶದವರು ನೋಡಿ: ಬ್ರಿಟಿಷ್ ಗ್ಯಾಲನ್ 4.55 ಲೀಟರ್, ಅಮೆರಿಕದ್ದು 3.79. ಇಂಧನದ ಲೆಕ್ಕ ಸರಿಹೊಂದದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಇನ್ನೂ ಮುದ್ರಣವಾಗದ ದನಿಗಳು

ಪರದೇಶದ ಭಂಡಾರಗಳಲ್ಲಿ ಪೈಲಟ್‌ಗಳು, ಅಧಿಕಾರಿಗಳು ಬೇಕಾದಷ್ಟಿದ್ದಾರೆ. ರಿವೆಟ್ ಹೊಡೆದ ಕನ್ನಡದ ದನಿ ಅಲ್ಲಿ ಸಿಗುವುದಿಲ್ಲ. ನಿವೃತ್ತರಾದ ಫಿಟ್ಟರ್ ಒಬ್ಬರು ನಿಮ್ಮ ಬೀದಿಯಲ್ಲೇ ಇರಬಹುದು. ‘ಅನುಭವ ಹೇಳಿ’ ಎಂದರೆ ಸನ್ಮಾನ ಸಮಾರಂಭದ ಭಾಷಣ ಬರುತ್ತದೆ. ‘ಯಾವ ಶಾಪಲ್ಲಿದ್ರಿ ಸಾರ್? ಮೊದಲನೇ ಪಾಳಿಗೆ ಮನೆ ಎಷ್ಟೊತ್ತಿಗೆ ಬಿಡ್ತಿದ್ರಿ? ರಿವೆಟ್ ಕೆಟ್ಟರೆ ಹೆಂಗೆ ತೆಗೀತಿದ್ರಿ?’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಈಗ ನಡೆಯುತ್ತಿರುವ ಯೋಜನೆಗಳ ಮಾತು ಎತ್ತಬೇಡಿ, ಸೇವೆಯಿಂದ ಹೋದ ವಿಮಾನಗಳಷ್ಟೇ ಸಾಕು.

ಫ್ಯಾನ್ ಆರಿಸಿ. ಕುಕ್ಕರ್ ಇಳಿಸಿದ ಮೇಲೆ ಕೂರಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವಲ್ ಮೇಲೆ, ಬಾಯಿಂದ ಒಂದು ಗೇಣು ದೂರದಲ್ಲಿಡಿ. ಬರೀ ಮೇಜಿನ ಮೇಲಿಟ್ಟರೆ ಕಾಫಿ ಲೋಟ ಇಟ್ಟಾಗಲೆಲ್ಲ ಗುದ್ದಿದ ಸದ್ದು ಬರುತ್ತದೆ. ಮೊನೊ ವೇವ್ (ಒಂದೇ ಚಾನೆಲ್ಲಿನ, ಕುಗ್ಗಿಸದ) ಫೈಲ್ ಗಂಟೆಗೆ ಸುಮಾರು 320 ಎಂಬಿ ಆಗುತ್ತದೆ, ಜಾಗ ಮೊದಲೇ ಮಾಡಿಕೊಳ್ಳಿ. ಮೊದಲ ನಿಮಿಷದಲ್ಲೇ ತಾರೀಕು, ಸ್ಥಳ, ಅವರ ಹೆಸರು, ದನಿ ಮುದ್ರಿಸಿಕೊಳ್ಳಲು ಅವರ ಒಪ್ಪಿಗೆ, ಯಾರಿಗೆಲ್ಲ ಕೇಳಿಸಬಹುದು ಎಂಬುದು ಅವರ ದನಿಯಲ್ಲೇ ಬರಲಿ. ಅದೇ ಸಂಜೆ ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿ ಅವರ ಮನೆಗೆ ಕೊಟ್ಟುಬಿಡಿ.